ನಕ್ಷತ್ರ ಹಾಕಿದ ಮಕ್ಕಳು

ಮಕ್ಕಳ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವಳಿಗೆ ಪೊರಕೆಮ್ಮ ಎಂದು ಹೆಸರಿಟ್ಟವರು ಅಲ್ಲಿನ ಹಿರಿಯ ಗುಮಾಸ್ತರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ತನಗೆ ಕೊಟ್ಟ ಕೀಬೋರ್ಡನ್ನು ತಲೆಕೆಳಗು ಮಾಡಿ ಮೇಜಿಗೆ ಕುಟ್ಟಿದ್ದಳು. ಬಿಸ್ಕತ್ತಿನ ಪುಡಿ, ಉಗುರಿನ ಚೂರು, ಯಾರದೋ ತಲೆಗೂದಲು, ಒಂದು ಜಿರಲೆಯ ಕಾಲು ಉದುರಿದವು. "ಕಂಪ್ಯೂಟರ್ ನೋಡ್ಕೊಳ್ಳೋರನ್ನ ಕಳಿಸಿ ಅಂದ್ರೆ ಪೊರಕೆ ಕಳಿಸಿದಾರೆ ನೋಡಿ," ಎಂದು ಗುಮಾಸ್ತರು ಕೋಣೆಗೆಲ್ಲ ಕೇಳುವಂತೆ ಹೇಳಿದರು. ಎಲ್ಲರೂ ನಕ್ಕರು. ಅವಳೂ ನಕ್ಕು, ಹೊರಗೆ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದಳು. ಐದು ವರ್ಷವಾದರೂ ಹೆಸರು ಉದುರಲಿಲ್ಲ, ಕೈ ತೊಳೆಯುವುದೂ ನಿಲ್ಲಲಿಲ್ಲ.

ತೊಳೆಯದೆ ಇನ್ನೇನು ಮಾಡಿಯಾಳು. ಆ ಕೋಣೆಯ ಒಂದು ಗೋಡೆ ಸದಾ ಬೆವರುತ್ತಿತ್ತು. ನೆಲ ಒರೆಸುವ ಬಟ್ಟೆಯನ್ನು ಹಿಂಡದೆ ಮೂಲೆಗೆ ಎಸೆದು ಹೋಗುತ್ತಿದ್ದುದರಿಂದ ಹುಳಿವಾಸನೆ ಬಾಗಿಲಲ್ಲೇ ಎದುರಾಗುತ್ತಿತ್ತು. ಹಿರಿಯ ಗುಮಾಸ್ತರಿಗೆ ಟೈಪಿಂಗಿನ ವೇಗದಿಂದಾಗಿ ಟಪಟಪ ಸರ್ ಎಂಬ ಅಡ್ಡಹೆಸರು. ಅವರು ತೋರುಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ಮಕ್ಕಳ ಕಾರ್ಡುಗಳನ್ನು ಮಗುಚುತ್ತಿದ್ದರು. ದಿನಕ್ಕೆ ಇನ್ನೂರು ಕಾರ್ಡು, ಇನ್ನೂರು ಸಲ ಎಂಜಲು. ಆ ಕಾರ್ಡುಗಳು ಅಲ್ಲಿಂದ ನೇರ ಜ್ವರ ಬಂದ ಕೂಸುಗಳ ತೊಡೆಯ ಮೇಲೆ ಹೋಗಿ ಕೂರುತ್ತಿದ್ದವು. ಅವಳಿಗೆ ಎರಡು ವರ್ಷದ ಮಗಳಿದ್ದಳು. ಸಂಜೆ ಮನೆ ಬಾಗಿಲಲ್ಲಿ ಪುಟ್ಟಿ ಕೈಚಾಚಿ ಓಡಿಬಂದರೆ, "ಬೇಡ, ಮುಟ್ಬೇಡ, ಇರು," ಎಂದು ಬಚ್ಚಲಿಗೆ ಓಡುವಳು.

"ತೊಳೆದೂ ತೊಳೆದೂ ನಿನ್ನ ಕೈರೇಖೆ ಅಳಿಸಿಹೋಗುತ್ತೆ ಕಣೇ," ಎನ್ನುವರು ಅತ್ತೆ. "ಮಗು ನಿನ್ನನ್ನ ಸೋಪು ಅಂದ್ಕೊಂಡಿದೆ."

"ನೀವೊಂದು ದಿನ ಆ ಕೋಣೇಲಿ ಕೂತು ಬನ್ನಿ ಅತ್ತೆ. ಆಮೇಲೆ ಸೋಪಿನ ಕಾರ್ಖಾನೆಯನ್ನೇ ಕೇಳ್ತೀರಿ."

ಕಣ್ಣಿಗೆ ಕಾಣುವ ಕೊಳೆ ಇಷ್ಟು. ಕಾಣದ್ದು ಕಂಪ್ಯೂಟರಿನ ಒಳಗಿತ್ತು, ಅದನ್ನು ನೋಡಿಕೊಳ್ಳುವುದೇ ಅವಳ ಕೆಲಸವಾಗಿತ್ತು.

ಆಸ್ಪತ್ರೆಗೆ ಬಂದ ಪ್ರತಿ ಮಗುವಿಗೂ ಡೇಟಾಬೇಸಿನಲ್ಲಿ ಎರಡು ಪುಟದ ದಾಖಲೆ. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ದಿನ, ತೂಕ. ಎರಡನೆಯದರಲ್ಲಿ "ಎಚ್ಚರಿಕೆ" ಎಂಬ ಚೌಕ. ಯಾವ ಔಷಧಿ ಈ ಮಗುವಿಗೆ ಆಗಿಬರುವುದಿಲ್ಲ, ಯಾವುದನ್ನು ಕೊಟ್ಟರೆ ಮೈ ಊದಿಕೊಳ್ಳುತ್ತದೆ ಎಂದು ಬರೆಯಬೇಕಾದ ಜಾಗ ಅದು. ಮಕ್ಕಳ ತೂಕ ಪ್ರತಿ ಭೇಟಿಗೂ ಬದಲಾಗುತ್ತದೆ. ಅದನ್ನು ತಿದ್ದಲು ಹೋದರೆ ಕಂಪ್ಯೂಟರ್ ಆಡಳಿತಾಧಿಕಾರಿಯ ಪಾಸ್‌ವರ್ಡ್ ಕೇಳುತ್ತಿತ್ತು. ಅಳಿಸಲು ಹೋದರೆ ಏನನ್ನೂ ಕೇಳುತ್ತಿರಲಿಲ್ಲ. ಒಂದು ಅಂಕಿ ಸರಿಪಡಿಸಲು ಅಪ್ಪಣೆ ಬೇಕು, ಇಡೀ ಮಗುವನ್ನು ತೆಗೆದುಹಾಕಲು ಬೇಡ.

ಹಾಗಾಗಿ ಅಲ್ಲಿನವರು ತಿದ್ದುವ ಗೋಜಿಗೇ ಹೋಗುತ್ತಿರಲಿಲ್ಲ. ಹಳೆಯ ದಾಖಲೆಯನ್ನು ಅಳಿಸುವರು, ಅದೇ ಕಾರ್ಡ್ ನಂಬರಿನಲ್ಲಿ ಹೊಸದನ್ನು ಟೈಪು ಮಾಡುವರು. ಅಳಿಸಿದ ದಾಖಲೆಯ ಪಕ್ಕ ಕಂಪ್ಯೂಟರ್ ಒಂದು ಪುಟ್ಟ ನಕ್ಷತ್ರದ ಗುರುತು ಹಾಕುತ್ತಿದ್ದುದರಿಂದ ಆ ಕೆಲಸಕ್ಕೆ ಅವರಲ್ಲಿ "ನಕ್ಷತ್ರ ಹಾಕೋದು" ಎಂದೇ ಹೆಸರು. "ಆ ಮಗು ತೂಕ ಜಾಸ್ತಿ ಆಗಿದೆ, ನಕ್ಷತ್ರ ಹಾಕು," ಎಂದು ಒಬ್ಬರಿಗೊಬ್ಬರು ಕೂಗಿ ಹೇಳುವರು. ಹೊರಗೆ ಕಾಯುತ್ತಿದ್ದ ತಾಯಂದಿರು ತಮ್ಮ ಮಗುವಿಗೆ ಏನೋ ಬಹುಮಾನ ಬಂತೆಂದು ಹಿಗ್ಗಿದ್ದೂ ಉಂಟು.

ನಕ್ಷತ್ರ ಬಿದ್ದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದು ಪೊರಕೆಮ್ಮನಿಗಷ್ಟೇ ಗೊತ್ತಿತ್ತು. ಕಣ್ಣಿಗೆ ಮರೆಯಾಗಿ ಫೈಲಿನೊಳಗೆ ತನ್ನ ಜಾಗದಲ್ಲೇ ಕೂತಿರುತ್ತದೆ. ಹೊಸದು ಹೋಗಿ ಫೈಲಿನ ಕೊನೆಗೆ ಸೇರುತ್ತದೆ. ಒಂಬತ್ತು ಸಲ ಬಂದುಹೋದ ಒಂದು ಮಗು ಎಂಟು ಹೆಣಗಳನ್ನು ಬಿಟ್ಟು ಹೋಗಿರುತ್ತದೆ. ಹುಡುಕುವಾಗ ಯಂತ್ರ ಒಂದೊಂದನ್ನೂ ಎತ್ತಿ, ನಕ್ಷತ್ರ ನೋಡಿ, ಇದಲ್ಲ ಎಂದು ಕೆಳಗಿಟ್ಟು ಮುಂದಿನದನ್ನು ಎತ್ತಬೇಕು. ಬದುಕಿದ್ದ ದಾಖಲೆ ಅರವತ್ತೆರಡು ಸಾವಿರ, ನಕ್ಷತ್ರ ಬಿದ್ದವು ನಾಲ್ಕು ಲಕ್ಷದ ಮೇಲೆ. ಎರಡನೆಯ ಪುಟ ತೆರೆದುಕೊಳ್ಳಲು ಮೂರು ನಿಮಿಷ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಗಡಿಯಾರ ಹಿಡಿದು ನೋಡಿದ್ದಳು.

ಕೌಂಟರಿನ ನರ್ಸಿಗೆ ಅಷ್ಟು ಹೊತ್ತು ಎಲ್ಲಿಯದು. ಎದುರಿಗೆ ಎಪ್ಪತ್ತು ಮಕ್ಕಳ ಅಳು. ಅವಳು ಪರದೆಯತ್ತ ತಿರುಗದೆ, "ಯಾವ್ದಾದ್ರೂ ಔಷಧಿ ಆಗಿಬರಲ್ವಾ ಅಮ್ಮಾ?" ಎಂದು ಬಾಯಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದಳು.

ಮದ್ದು ಒಂದೇ. ಬದುಕಿರುವ ದಾಖಲೆಗಳನ್ನಷ್ಟೇ ನಂಬರಿನ ಸಾಲಿಗೆ ಜೋಡಿಸಿ ಹೊಸ ಫೈಲಿಗೆ ಇಳಿಸಬೇಕು, ಸತ್ತವನ್ನು ಬಿಡಬೇಕು, ಯಾವ ನಂಬರು ಎಲ್ಲಿದೆಯೆಂದು ಹೇಳುವ ಹುಡುಕುಪಟ್ಟಿಯನ್ನು ಹೊಸದಾಗಿ ಕಟ್ಟಬೇಕು. ಅಷ್ಟು ಹೊತ್ತು ಯಾರೂ ಕಂಪ್ಯೂಟರ್ ಮುಟ್ಟಬಾರದು. ಏಳು ಗಂಟೆಯ ಕೆಲಸ. ಅದಕ್ಕೊಂದು ಭಾನುವಾರ ಕೊಡಿ ಎಂದು ಎರಡು ವರ್ಷದಿಂದ ಆಡಳಿತಾಧಿಕಾರಿಯ ಬೆನ್ನು ಬಿದ್ದಿದ್ದಳು. ಆ ಮನುಷ್ಯ ಪ್ರತಿ ಸಲ ಹಲ್ಲು ಚುಚ್ಚುತ್ತಾ ಕೇಳಿಸಿಕೊಂಡು, ಕಡ್ಡಿಯ ತುದಿಯನ್ನು ನೋಡಿ, "ನೋಡೋಣ," ಎನ್ನುತ್ತಿದ್ದರು. ಹೆಬ್ಬಾಗಿಲಿನ ಫಲಕದಲ್ಲಿ "ನಾಲ್ಕೂವರೆ ಲಕ್ಷ ಮಕ್ಕಳ ದಾಖಲೆ" ಎಂದು ಬರೆಸಿದವರು ಅವರು. ನಕ್ಷತ್ರಗಳನ್ನೂ ಸೇರಿಸಿ ಎಣಿಸಿದ್ದರು. ಗುಡಿಸಿದರೆ ಲೆಕ್ಕ ಅರವತ್ತೆರಡು ಸಾವಿರಕ್ಕೆ ಇಳಿಯುತ್ತದಲ್ಲ, ಅದೇ ಗಂಟಲಿಗೆ ಸಿಕ್ಕಿದ್ದು.

ಕೊನೆಗೆ ಮೇಲಿನ ಕಚೇರಿಯಿಂದ ಬಂದ ಒಬ್ಬ ಹಿರಿಯ ವೈದ್ಯೆ ಪರದೆಯ ಮುಂದೆ ನಾಲ್ಕು ನಿಮಿಷ ನಿಂತು, "ಇದು ತೆರೆಯೋ ಹೊತ್ತಿಗೆ ಮಗು ದೊಡ್ಡವರ ಆಸ್ಪತ್ರೆಗೆ ಹೋಗೋ ವಯಸ್ಸಾಗಿರುತ್ತೆ," ಎಂದರು. ಮರುವಾರದ ಸೋಮವಾರ ಮತ್ತೆ ಬರುವುದಾಗಿಯೂ ಹೇಳಿದರು. ಭಾನುವಾರ ತಟ್ಟನೆ ಸಿಕ್ಕಿತು.

ಪೊರಕೆಮ್ಮ ಅಂಜುಬುರುಕಿ. ನೇರವಾಗಿ ಕೈ ಹಾಕಲಿಲ್ಲ. ಶುಕ್ರವಾರ ಸಂಜೆ ಇಡೀ ಫೈಲಿನ ನಕಲನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ಗುಡಿಸುವ ಕೆಲಸಕ್ಕೆ ಹಚ್ಚಿ ಮನೆಗೆ ಹೋದಳು. ಶನಿವಾರ ಬೆಳಿಗ್ಗೆ ಬಂದಾಗ ನಕಲು ಸಿದ್ಧವಾಗಿತ್ತು. ಪರೀಕ್ಷೆಗೆಂದು ತನಗೆ ಬಾಯಿಪಾಠವಿದ್ದ ಒಂದೇ ಕಾರ್ಡ್ ನಂಬರನ್ನು ಒತ್ತಿದಳು. ಪುಟ್ಟಿಯದು.

ಎರಡನೆಯ ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ಎಚ್ಚರಿಕೆಯ ಚೌಕದಲ್ಲಿ "ಇಲ್ಲ" ಎಂದಿತ್ತು.

ನಂಬರನ್ನು ಮತ್ತೆ ಒತ್ತಿದಳು, ಮತ್ತೆ ಅದೇ. ಪುಟ್ಟಿಗೆ ಎಂಟು ತಿಂಗಳಿದ್ದಾಗ ಒಂದು ಹನಿ ಔಷಧಿ ಹಾಕಿ ಹತ್ತು ನಿಮಿಷಕ್ಕೆ ತುಟಿ ಊದಿ, ಮೈಯೆಲ್ಲ ಕೆಂಪಗೆ ಬೊಬ್ಬೆ ಎದ್ದಿದ್ದವು. ಆ ಔಷಧಿಯ ಹೆಸರನ್ನು ಇದೇ ಕೌಂಟರಿನಲ್ಲಿ ನಿಂತು ಒಂದೊಂದಕ್ಷರ ಬಿಡಿಸಿ ಹೇಳಿ ಬರೆಸಿದ್ದಳು. ಬರೆದದ್ದನ್ನು ಪರದೆಯ ಮೇಲೆ ತಾನೇ ಓದಿಯೂ ಇದ್ದಳು. ಈಗ ಇಲ್ಲವೆಂದರೆ ಎಲ್ಲಿ ಹೋಯಿತು?

ಹಳೆಯ ಫೈಲು ತೆರೆದು ನಕ್ಷತ್ರಗಳ ನಡುವೆ ಹುಡುಕಿದಳು. ಸಿಕ್ಕಿತು. ಎಂಟನೆಯ ತಿಂಗಳ ದಾಖಲೆ, ಎಚ್ಚರಿಕೆಯಲ್ಲಿ ಔಷಧಿಯ ಹೆಸರು, ಪಕ್ಕದಲ್ಲಿ ನಕ್ಷತ್ರ. ಒಂಬತ್ತನೆಯ ತಿಂಗಳು ಲಸಿಕೆಗೆ ಬಂದಾಗ ತೂಕ ಬದಲಾಗಿತ್ತು. ಹಳೆಯದನ್ನು ಅಳಿಸಿ ಹೊಸದಾಗಿ ಬರೆದವರು ಮೊದಲ ಪುಟವನ್ನಷ್ಟೇ ಬರೆದಿದ್ದರು. ಎರಡನೆಯದನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ತಾನಾಗಿ "ಇಲ್ಲ" ಎಂದು ತುಂಬಿಕೊಳ್ಳುತ್ತಿತ್ತು. ಮೂಲೆಯಲ್ಲಿ ಟೈಪು ಮಾಡಿದವರ ಗುರುತಿನ ಅಂಕಿ ಮೂರು. ಮೂರು ಅಂದರೆ ಟಪಟಪ ಸರ್.

ಅವರು ತಿಂಡಿ ತಿಂದ ಕೈಯನ್ನು ಕುರ್ಚಿಯ ಬಟ್ಟೆಗೆ ಒರೆಸುತ್ತಾ ಕೂತಿದ್ದರು.

"ಸರ್, ಹೊಸದಾಗಿ ಬರೆಯೋವಾಗ ಎರಡನೇ ಪುಟ ಯಾಕೆ ಬರೆಯಲ್ಲ ನೀವು?"

"ಅದು ತೆರೆಯೋಕೆ ನಾಕು ನಿಮಿಷ ಬೇಕಲ್ಲಮ್ಮ. ಯಾರು ಕಾಯ್ತಾರೆ?"

"ಅದರಲ್ಲಿ ಎಚ್ಚರಿಕೆ ಇರುತ್ತೆ."

"ಯಾರೂ ಓದದೇ ಇರೋ ಎಚ್ಚರಿಕೆ. ಸಿಸ್ಟರ್ ಹೆಂಗೂ ಬಾಯಲ್ಲೇ ಕೇಳ್ತಾಳೆ."

"ನನ್ನ ಮಗಳದ್ದೂ ಹೋಗಿದೆ ಸರ್."

ಅವರು ಬೆರಳನ್ನು ನಾಲಿಗೆಗೆ ಒತ್ತಿ ಮುಂದಿನ ಕಾರ್ಡು ಎತ್ತಿಕೊಂಡರು. "ನಿಂದು ಅಂತ ಮೊದಲೇ ಹೇಳಿದ್ರೆ ನಾಕು ನಿಮಿಷ ಕಾಯ್ತಿದ್ದೆ."

ಅವಳಿಗೆ ವಾಕರಿಕೆ ಬಂತು. ಬೆರಳಿನ ಒದ್ದೆಗೋ ಮಾತಿಗೋ ತಿಳಿಯಲಿಲ್ಲ. ಕಿಟಕಿಯ ಬಳಿ ನಿಂತು ಉಸಿರು ಬಿಟ್ಟು, ಮತ್ತೆ ಬಂದು ಕೂತು ಯಂತ್ರವನ್ನು ಕೇಳಿದಳು: ನಕ್ಷತ್ರದಲ್ಲಿ ಎಚ್ಚರಿಕೆ ಇದ್ದು, ಬದುಕಿದ್ದರಲ್ಲಿ "ಇಲ್ಲ" ಎಂದಿರುವ ಮಕ್ಕಳು ಎಷ್ಟು? ಯಂತ್ರ ಹೊತ್ತು ತೆಗೆದುಕೊಂಡು ಹೇಳಿತು: ಎರಡು ಸಾವಿರದ ಮುನ್ನೂರ ಹದಿನಾರು.

ಇಷ್ಟು ದಿನ ಈ ಸುಳ್ಳು ಯಾರಿಗೂ ತಾಗಿರಲಿಲ್ಲ, ಏಕೆಂದರೆ ಅದು ತೆರೆದುಕೊಳ್ಳುವವರೆಗೆ ಯಾರೂ ಕಾಯುತ್ತಿರಲಿಲ್ಲ. ಸೋಮವಾರದಿಂದ ಅದು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ನರ್ಸ್ ಪರದೆ ನೋಡುತ್ತಾಳೆ, "ಇಲ್ಲ" ಎಂದಿರುವುದನ್ನು ಓದುತ್ತಾಳೆ, ತಾಯಿಯನ್ನು ಕೇಳುವುದನ್ನು ಬಿಡುತ್ತಾಳೆ. ಯಾವುದೋ ಕೂಸಿಗೆ ಆಗದ ಔಷಧಿ ಬೀಳುತ್ತದೆ. ಎರಡು ವರ್ಷ ಕಾಡಿ ಬೇಡಿ ಅವಳು ತಂದಿದ್ದು ಇದನ್ನೇ ಎನಿಸಿ ಮೈಯೆಲ್ಲ ಅಂಟಂಟಾಯಿತು.

ಆಡಳಿತಾಧಿಕಾರಿಯ ಕೋಣೆಗೆ ಹೋದಳು. "ಸರ್, ಒಂದು ವಾರ ಮುಂದಕ್ಕೆ ಹಾಕಿ. ನಕ್ಷತ್ರದಲ್ಲಿರೋ ಎಚ್ಚರಿಕೆಗಳನ್ನ ಮೊದಲು ಎತ್ಕೊಳ್ಬೇಕು."

"ಎರಡು ವರ್ಷ ಗುಡಿಸ್ತೀನಿ ಗುಡಿಸ್ತೀನಿ ಅಂತ ನನ್ನ ತಲೆ ತಿಂದೆ. ಈಗ ಗುಡಿಸಲ್ಲ ಅಂತೀಯ?"

"ಕಸದಲ್ಲಿ ಮಕ್ಕಳ ಜೀವ ಇದೆ ಸರ್."

"ದೊಡ್ಡ ಮಾತೆಲ್ಲ ಬೇಡಮ್ಮ. ಸೋಮವಾರ ಮೇಲಿನವರು ಬರ್ತಾರೆ. ಪರದೆ ಬೇಗ ತೆರೀಬೇಕು, ಅಷ್ಟೇ. ಒಳಗೆ ಏನಿದೆ ಅಂತ ಅವರು ಓದ್ತಾ ಕೂರಲ್ಲ."

"ಹಾಗಾದ್ರೆ ತಿದ್ದೋ ಪಾಸ್‌ವರ್ಡ್ ಆದ್ರೂ ಕೊಡಿ. ಇಲ್ಲಾಂದ್ರೆ ಸೋಮವಾರದಿಂದ ಮತ್ತೆ ನಕ್ಷತ್ರ ಹಾಕೋಕೆ ಶುರು ಮಾಡ್ತಾರೆ."

ಅವರು ಮೇಜಿನ ಡ್ರಾಯರ್ ಎಳೆದರು. ಹಳೆಯ ಡೈರಿಯೊಂದರ ಹಾಳೆ ಮಗುಚಿದರು. ಇನ್ನೊಂದು ಡೈರಿ ತೆಗೆದರು. ಕನ್ನಡಕ ಒರೆಸಿಕೊಂಡರು. "ಹುಡುಕಿ ಕೊಡ್ತೀನಿ, ಹೋಗು," ಎಂದರು. ಅವರ ಕಿವಿಯ ತುದಿ ಕೆಂಪಾಗಿದ್ದನ್ನು ನೋಡಿದ ಮೇಲೆ ಅವಳಿಗೆ ಅರ್ಥವಾಯಿತು. ಪಾಸ್‌ವರ್ಡ್ ಅವರಿಗೇ ಮರೆತುಹೋಗಿತ್ತು. ಯಾವಾಗಲೋ, ವರ್ಷಗಳ ಹಿಂದೆ. ಮರೆತೆನೆಂದು ಹೇಳಲು ನಾಚಿಕೆಯಾಗಿ ಅದನ್ನು ನಿಯಮ ಎನ್ನುತ್ತಾ ಬಂದಿದ್ದರು. ನಾಲ್ಕು ಲಕ್ಷ ನಕ್ಷತ್ರಗಳು ಒಬ್ಬ ಮನುಷ್ಯನ ಮರೆವಿನ ಮೇಲೆ ಕೂತಿದ್ದವು. ಹೇಸಿಗೆಯೆನಿಸಿತು. ಹಲ್ಲುಕಡ್ಡಿ ಮೇಜಿನ ಗಾಜಿನ ಮೇಲೆ ಒದ್ದೆಯಾಗಿ ಬಿದ್ದಿತ್ತು, ಅದನ್ನು ನೋಡದೆ ಹೊರಗೆ ಬಂದಳು.

ಭಾನುವಾರ ಬೆಳಿಗ್ಗೆ ಏಳಕ್ಕೇ ಪುಟ್ಟಿಯನ್ನು ಅತ್ತೆಯ ಸೊಂಟಕ್ಕೆ ಹಾಕಿ ಹೊರಟಳು. "ಕಾಯಿಸಿ ಆರಿಸಿದ ನೀರೇ ಕೊಡಿ, ಮಧ್ಯಾಹ್ನ ಮೈ ಮುಟ್ಟಿ ನೋಡಿ," ಎಂದು ಬಾಗಿಲಲ್ಲಿ ಮೂರು ಸಲ ಹೇಳಿದಳು. "ನಿನ್ನ ಗಂಡನನ್ನೂ ನಾನೇ ಬೆಳೆಸಿದ್ದು. ಇನ್ನೂ ಬದುಕಿದಾನೆ, ಹೋಗು," ಎಂದರು ಅತ್ತೆ.

ಕೋಣೆಯಲ್ಲಿ ಟಪಟಪ ಸರ್ ಆಗಲೇ ಬಂದು ಕೂತಿದ್ದರು. ಯಾರೂ ಕರೆದಿರಲಿಲ್ಲ. "ಮನೇಲಿ ಕೂತು ಏನು ಮಾಡ್ಲಿ," ಎಂದರು, ಅವಳ ಮುಖ ನೋಡದೆ.

ಗುಡಿಸುವ ಮೊದಲು ನಕ್ಷತ್ರಗಳಲ್ಲಿದ್ದ ಎಚ್ಚರಿಕೆಗಳನ್ನೆಲ್ಲ ಬೇರೊಂದು ಪಟ್ಟಿಗೆ ಎತ್ತಿಕೊಂಡಳು. ಕಾರ್ಡ್ ನಂಬರ್ ಒಂದೇ ಆಗಿದ್ದ ಕಡೆ ಯಂತ್ರವೇ ಅವನ್ನು ಬದುಕಿದ್ದ ದಾಖಲೆಗೆ ಹೊಂದಿಸಿತು. ನಿನ್ನೆಯ ಲೆಕ್ಕಕ್ಕೆ ಸಿಕ್ಕಿರದ ಇನ್ನೂ ನೂರ ಎಂಬತ್ತೊಂಬತ್ತು ಹೊಂದಲಿಲ್ಲ. ಅವಸರದಲ್ಲಿ ನಂಬರಿನ ಒಂದು ಅಂಕಿ ತಪ್ಪಿತ್ತು. ಹುಟ್ಟಿದ ದಿನ ನೋಡಿ ಜೋಡಿ ಊಹಿಸಬಹುದಿತ್ತು, ಆದರೆ ಕಾಗದದ ಕಾರ್ಡು ನೋಡದೆ ನಂಬುವಂತಿರಲಿಲ್ಲ. ಟಪಟಪ ಸರ್ ಕಾರ್ಡಿನ ಕಟ್ಟನ್ನು ಎಳೆದುಕೊಂಡು ಬೆರಳು ನಾಲಿಗೆಗೆ ಎತ್ತಿದರು. ಅವಳು ಒಂದು ತಟ್ಟೆಯಲ್ಲಿ ನೆನೆಸಿದ ಸ್ಪಂಜನ್ನು ಅವರ ಮುಂದೆ ಇಟ್ಟಳು. ಅವರು ಅದನ್ನೂ ಅವಳನ್ನೂ ನೋಡಿದರು.

"ನಲವತ್ತು ವರ್ಷದ ಅಭ್ಯಾಸ ಕಣಮ್ಮ ಇದು."

"ಅದಕ್ಕೇ ಸ್ಪಂಜು ದೊಡ್ಡದು ತಂದಿದೀನಿ ಸರ್."

ಬೆರಳು ಸ್ಪಂಜಿಗೆ ಹೋಯಿತು. ಆಮೇಲೂ ನಾಲ್ಕಾರು ಸಲ ಮರೆತು ನಾಲಿಗೆಗೇ ಹೋಯಿತು.

ಜೋಡಿಗಳನ್ನು ಪರೀಕ್ಷಿಸುವಾಗ ಅವಳು ಪಟ್ಟಿಯನ್ನು ಎಚ್ಚರಿಕೆ ಬಿಟ್ಟು ಬರೆದವರ ಗುರುತಿನ ಅಂಕಿಯ ಪ್ರಕಾರ ವಿಂಗಡಿಸಿದಳು. ಯಾರು ಎಷ್ಟು ಕೆಡಿಸಿದ್ದಾರೆ ನೋಡೋಣ ಎಂಬ ಕಿಚ್ಚಿಗೆ. ಮೂರರದ್ದು ಸಾವಿರದ ನಾಲ್ಕುನೂರಕ್ಕೂ ಮೇಲೆ. ಐದರದ್ದು, ಆರರದ್ದು ಒಂದಿಷ್ಟು. ಕೆಳಗೆ ಏಳರದ್ದು ಅರವತ್ತಮೂರು.

ಏಳು ಅವಳದೇ ಅಂಕಿ.

ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ಅವಳನ್ನು ಕೌಂಟರಿಗೆ ಕೂರಿಸಿದ್ದರು. "ತಿದ್ದೋಕೆ ಹೋಗ್ಬೇಡ, ನಕ್ಷತ್ರ ಹಾಕಿ ಹೊಸದಾಗಿ ಬರಿ," ಎಂದು ಪಕ್ಕದಲ್ಲಿ ನಿಂತು ಕಲಿಸಿದವರು ಟಪಟಪ ಸರ್. ಅವಳು ಹಾಗೇ ಮಾಡಿದ್ದಳು. ಎರಡನೆಯ ಪುಟಕ್ಕೆ ಕಾದಿರಲಿಲ್ಲ. ಆಗ ಮಗಳು ಹುಟ್ಟಿರಲಿಲ್ಲ, ಸಾಲು ಉದ್ದವಿತ್ತು, ಅಷ್ಟೆ. ಶುಚಿಯಾದ ಕೈಯಿಂದ, ತಾನೇ ಕುಟ್ಟಿ ಕೊಳೆ ತೆಗೆದ ಕೀಬೋರ್ಡಿನಲ್ಲಿ, ಅರವತ್ತಮೂರು ಮಕ್ಕಳ ಮುಂದೆ "ಇಲ್ಲ" ಎಂದು ಬಿಟ್ಟು ಎದ್ದುಹೋಗಿದ್ದಳು. ನಿನ್ನೆಯಿಂದ ಟಪಟಪ ಸರ್ ಮೇಲೆ ಬರುತ್ತಿದ್ದ ಓಕರಿಕೆ ತಿರುಗಿ ತನ್ನ ಮೇಲೆಯೇ ಬಂತು. ತನ್ನ ಬಾಯ ವಾಸನೆ ತನಗೇ ಬಡಿದ ಹಾಗೆ. ಎದ್ದು ಹೋಗಿ ಕೈ ತೊಳೆಯೋಣವೆನಿಸಿತು. ನಲ್ಲಿಯವರೆಗೆ ಹೋಗಿ, ತಿರುಗಿಸದೆ ವಾಪಸು ಬಂದಳು.

ನೂರ ಎಂಬತ್ತೊಂಬತ್ತರಲ್ಲಿ ಇನ್ನೂ ಎಪ್ಪತ್ತು ಉಳಿದಿದ್ದವು. ಗುಡಿಸುವುದಕ್ಕೆ ಏಳು ಗಂಟೆ ಬೇಕು, ಇನ್ನು ತಡೆದರೆ ಸೋಮವಾರಕ್ಕೆ ಮುಗಿಯುವುದಿಲ್ಲ. ಯಂತ್ರವನ್ನು ಗುಡಿಸಲು ಹಚ್ಚಿ, ಅದು ಮುಗಿದ ಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಹೊಸ ಫೈಲಿನಲ್ಲಿ "ಇಲ್ಲ" ಎಂದಿದ್ದ ಕಡೆಯಲ್ಲೆಲ್ಲ ಆ ಪದ ತೆಗೆದು, "ಗೊತ್ತಿಲ್ಲ, ತಾಯಿಯನ್ನು ಕೇಳಿ" ಎಂದು ತುಂಬಿಸಿದಳು. ಹೊಸ ಫೈಲು ಕಟ್ಟಿದವಳು ತಾನೇ ಆದ್ದರಿಂದ ತಿದ್ದುವ ಬೀಗವನ್ನೂ ಕಿತ್ತು ಹಾಕಿದಳು. ಹೊಸ ಫೈಲಿಗೆ ಹಳೆಯ ಮರೆವು ಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಡಳಿತಾಧಿಕಾರಿ ಒಂದಾದ ಮೇಲೊಂದು ದಾಖಲೆ ತೆರೆದು ನೋಡಿ ದಂಗಾದರು. "ಏನಿದು? ಸಾವಿರಾರು ಮಕ್ಕಳ ಮುಂದೆ ಗೊತ್ತಿಲ್ಲ, ಗೊತ್ತಿಲ್ಲ. ಆಸ್ಪತ್ರೆ ಮರ್ಯಾದೆ ಏನಾಗ್ಬೇಕು? ಮೊದಲಿನ ಹಾಗೆ 'ಇಲ್ಲ' ಅಂತ ಮಾಡು."

"ಮಾಡ್ತೀನಿ ಸರ್. ಎಚ್ಚರಿಕೆ ಇಲ್ಲ ಅಂತ ಬರಿ ಅಂತ ನೀವೊಂದು ಚೀಟೀಲಿ ಬರೆದು ಸಹಿ ಹಾಕ್ಕೊಡಿ."

ಅವರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಮತ್ತೆ ಮುಚ್ಚಿದರು. "ಸದ್ಯಕ್ಕೆ ಹಾಗೇ ಇರ್ಲಿ," ಎಂದರು.

ಹಿರಿಯ ವೈದ್ಯೆ ಬಂದು ಪರದೆ ನೋಡಿದರು, ಒಂದೂವರೆ ಸೆಕೆಂಡಿನಲ್ಲಿ ತೆರೆದುಕೊಂಡದ್ದಕ್ಕೆ ತಲೆದೂಗಿದರು, ಚೌಕದಲ್ಲಿದ್ದದ್ದನ್ನು ಓದಿದರು. ಪಕ್ಕದಲ್ಲೇ ನರ್ಸ್ ಅದನ್ನು ಓದಿಕೊಂಡು ಎದುರಿದ್ದ ತಾಯಿಯನ್ನು ಕೇಳುತ್ತಿದ್ದಳು. "ಇದನ್ನ ಯಾರು ಹಾಕಿದ್ದು?" ಎಂದರು ವೈದ್ಯೆ. ಆಡಳಿತಾಧಿಕಾರಿ ನನ್ನದೇ ಯೋಚನೆ ಎಂದರು. ಆ ಹೆಗ್ಗಳಿಕೆಗೆ ಕೈ ಚಾಚಲು ಪೊರಕೆಮ್ಮನಿಗೆ ಅಸಹ್ಯವಾಗಿತ್ತು.

ಉಳಿದ ಎಪ್ಪತ್ತನ್ನು ಟಪಟಪ ಸರ್ ಬುಧವಾರದೊಳಗೆ ಮುಗಿಸಿದರು. ಅವಳು ಮಾತ್ರ ತನ್ನ ಅರವತ್ತಮೂರು ಮನೆಗಳಿಗೆ ಫೋನು ಮಾಡಲು ಕೂತಳು. ಎಚ್ಚರಿಕೆ ಫೈಲಿಗೆ ಮರಳಿತ್ತು ನಿಜ, ಆದರೆ ಇಷ್ಟು ವರ್ಷದ ನಡುವೆ ಏನಾಗಿದೆಯೋ ಎಂಬ ಅಳುಕು ಬಿಡಲಿಲ್ಲ. ಹೆಚ್ಚಿನವರು, "ಅದು ನಮಗೆ ನೆನಪಿದೆ ಬಿಡಿ," ಎಂದರು. ಒಬ್ಬಾಕೆ ನಿದ್ದೆ ಕೆಡಿಸಿದಿರಿ ಎಂದು ಬೈದಳು. ಇಪ್ಪತ್ತೆಂಟನೆಯ ನಂಬರಿನಲ್ಲಿ ಒಬ್ಬ ತಾಯಿ ಯಾವ ವರ್ಷದ ಮಾತು ಎಂದು ಮೊದಲು ಕೇಳಿ ತಿಳಿದುಕೊಂಡಳು.

"ಅವತ್ತು ಕೌಂಟರಲ್ಲಿದ್ದೋರು ನೀವೇನಾ?" ಎಂದಳು ಆಮೇಲೆ. "ಕಂಪ್ಯೂಟರಲ್ಲಿ ಹಾಕಿದೀವಿ, ಇನ್ನು ಚಿಂತೆ ಬಿಡಿ ಅಂದಿದ್ರಿ."

"ಹೌದು, ನಾನೇ."

"ಅದಕ್ಕೇ ಡಾಕ್ಟ್ರು ಬರೆದುಕೊಟ್ಟ ಚೀಟಿ ಬಿಸಾಕಿದೆ. ಮೊನ್ನೆ ಜ್ವರ ಬಂದಾಗ ಬೇರೆ ಡಾಕ್ಟ್ರು ಕೇಳಿದ್ರು, ಯಾವ ಔಷಧಿ ಆಗಲ್ಲ ಅಂತ. ನನಗೆ ಹೆಸರು ಬರ್ಲಿಲ್ಲ. ಪುಣ್ಯಕ್ಕೆ ಅವರು ಬೇರೆ ಏನೋ ಕೊಟ್ರು. ಆಗಿಂದ ನಿದ್ದೆ ಇಲ್ಲ ನನಗೆ."

ಪೊರಕೆಮ್ಮ ಪರದೆಯ ಮೇಲೆ ಆ ಮಗುವಿನ ಎರಡನೆಯ ಪುಟ ತೆರೆದಳು. "ಪೆನ್ನು ತಗೊಳ್ಳಿ. ಬರ್ಕೊಳ್ಳಿ. ಸ."

"ಸ."

"ಲ್. ಲಕಾರ, ಅರ್ಧ. ಫಾ, ದೀರ್ಘ. ಸಲ್ಫಾ. ಇದಿರೋ ಯಾವ ಔಷಧೀನೂ ಬೇಡ ಅಂತ ಬರ್ಕೊಳ್ಳಿ."

ಆ ಕಡೆ ಪೆನ್ನು ಕಾಗದಕ್ಕೆ ಕೆರೆಯುವ ಸದ್ದು, ಮಗುವೊಂದು ಏನನ್ನೋ ಬೀಳಿಸಿದ ಸದ್ದು. ತಾಯಿ ಬರೆದದ್ದನ್ನು ಓದಿ ಹೇಳಿದಳು. ಸರಿಯಾಗಿತ್ತು.

"ಈಗ ಕಂಪ್ಯೂಟರಲ್ಲೂ ಇದೆಯಾ?"

"ಇದೆ. ನೋಡ್ತಾನೇ ಇದೀನಿ. ಆದ್ರೂ ಈ ಸಲ ಚೀಟಿ ಬಿಸಾಕ್ಬೇಡಿ."

ಫೋನು ಇಟ್ಟು, ಪಟ್ಟಿಯಲ್ಲಿ ಇಪ್ಪತ್ತೆಂಟರ ಮುಂದೆ ಒಂದು ಗೀಟು ಎಳೆದು, ಅವಳು ಇಪ್ಪತ್ತೊಂಬತ್ತನೆಯದನ್ನು ಒತ್ತಿದಳು.